ಚಂಪಕ್ಕನ ಕಿವಿಮಣಿ

ಚಂಪಕ್ಕನಿಗೆ ಚಹಾಪುಡಿಯ ಹೆಸರು ಮರೆತುಹೋದ ಬೆಳಿಗ್ಗೆ ತಂಗಿ ಕಸ್ತೂರಿ ಪಕ್ಕದಲ್ಲೇ ನಿಂತಿದ್ದಳು. ಒಲೆಯ ಮೇಲೆ ನೀರು ಕುದ್ದು ಕುದ್ದು ಅರ್ಧಕ್ಕಿಳಿದಿತ್ತು. ಚಂಪಕ್ಕ ಎಡಗೈಯಲ್ಲಿ ಡಬ್ಬಿ ಹಿಡಿದುಕೊಂಡೇ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ಮುಚ್ಚುತ್ತಿದ್ದಳು.

"ಏನ್ ಹುಡುಕಾಕತ್ತಿ ಅಕ್ಕ?"

"ಅದು... ಕರ್ರಗ ಇರ್ತೈತಲ್ಲ. ನೀರಿಗೆ ಹಾಕೋದು. ಅದರ ಹೆಸರು..."

ಹೆಸರು ಬರಲಿಲ್ಲ. ಡಬ್ಬಿ ಕೈಯಲ್ಲೇ ಇದೆಯಲ್ಲ ಎಂದು ಕಸ್ತೂರಿ ತೋರಿಸಿದಾಗ ಚಂಪಕ್ಕ ತನ್ನ ಕೈಯನ್ನೇ ಬೇರೆ ಯಾರದೋ ಕೈಯೆಂಬಂತೆ ನೋಡಿದಳು.

ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದ ಹೆಂಗಸು ಅವಳು. ಟ್ರಂಕ್ ಕಾಲ್‌ನ ಕಾಲದಲ್ಲಿ ಊರಿನ ಅರ್ಧ ವ್ಯಾಪಾರಿಗಳು ನಂಬರು ಹೇಳುತ್ತಲೇ ಇರಲಿಲ್ಲ. "ಬಾಯಾರ, ಗದಗಿನ ಹತ್ತಿ ಅಂಗಡಿ ಕೊಡ್ರಿ" ಎಂದರೆ ಸಾಕಿತ್ತು. ಒಂದೂವರೆ ಸಾವಿರ ನಂಬರುಗಳು ಚಂಪಕ್ಕನ ತಲೆಯಲ್ಲಿದ್ದವು. ನಿವೃತ್ತಳಾಗಿ ಹತ್ತು ವರ್ಷವಾದ ಮೇಲೂ, ಬಟ್ಟೆ ಮಡಚುವಾಗ, ಸೊಪ್ಪು ಸೋಸುವಾಗ ಅವುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು.

ಈಗ ಅವಳಿಗೆ ಎಪ್ಪತ್ತೊಂದು. ಸಕ್ಕರೆ ಕಾಯಿಲೆ ಬಂದು ಇಪ್ಪತ್ತಮೂರು ವರ್ಷ. ಬೆಲ್ಲದ ಎಂಬ ಅಡ್ಡಹೆಸರಿನವರಿಗೇ ಸಕ್ಕರೆ ಕಾಯಿಲೆ ಬಂತೆಂದು ಆಸ್ಪತ್ರೆಗಳಲ್ಲಿ ಎಷ್ಟು ಸಲ ನಕ್ಕಿದ್ದರೋ ಲೆಕ್ಕವಿಲ್ಲ. ಚಂಪಕ್ಕ ಮದುವೆಯಾಗಿರಲಿಲ್ಲ. ಅವಳಿಗಿಂತ ಹದಿನೈದು ವರ್ಷ ಚಿಕ್ಕವಳಾದ ಕಸ್ತೂರಿಯ ಮದುವೆ ಗಂಡನ ಸಾವಿನೊಂದಿಗೆ ಏಳೇ ವರ್ಷಕ್ಕೆ ಮುಗಿದಿತ್ತು. ಅಂದಿನಿಂದ ಇಬ್ಬರೂ ವಿದ್ಯಾನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಟ್ಟಿಗಿದ್ದರು. ನರ್ಸಾಗಿದ್ದ ಕಸ್ತೂರಿ ಸಾವಿರಾರು ಜನರ ಸಕ್ಕರೆ ನೋಡಿದ್ದವಳು. ಅಕ್ಕನದನ್ನು ಮಾತ್ರ ಸರಿಯಾಗಿ ನೋಡಲಿಲ್ಲವೇನೋ ಎಂಬ ಕೊರಗು ಅವಳಿಗೆ ಆ ಬೆಳಿಗ್ಗೆಯಿಂದ ಅಂಟಿಕೊಂಡಿತು.

ಮರುದಿನವೇ ಅಕ್ಕನನ್ನು ಡಾಕ್ಟರ್ ರಹಮತ್ ನದಾಫ ಅವರ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಕಸ್ತೂರಿ ಆಸ್ಪತ್ರೆ ಬಿಟ್ಟ ಮೇಲೆ ಅಲ್ಲಿಯೇ ಕೆಲಸಕ್ಕಿದ್ದಳು.

"ಶುಗರ್ ಅಂದ್ರ ಬರೀ ಕಾಲು, ಕಣ್ಣು, ಕಿಡ್ನಿ ಅಂತ ತಿಳಕೊಂಡೀವಿ" ಎಂದರು ಡಾಕ್ಟರು. "ಮಿದುಳಿನ್ಯಾಗೂ ಸಣ್ಣ ಸಣ್ಣ ರಕ್ತನಾಳ ಅದಾವ. ವರ್ಷಗಟ್ಟಲೆ ಸಕ್ಕರಿ ಏರಿಳಿದ್ರ ಅವೂ ಕೆಡ್ತಾವ. ಇನ್ಸುಲಿನ್ ಹೇಳಿದ್ದನ್ನ ಮಿದುಳು ಕೇಳೋದು ಬಿಡ್ತೈತಿ. ಮದಲ ಹೋಗೋದು ಹೆಸರು. ನೆನಪು ಒಳಗ ಇರ್ತೈತಿ, ಅದನ್ನ ಹುಡುಕಿ ತರೋ ದಾರಿ ಕಟ್ಟಾಗಿರ್ತೈತಿ."

"ಲೈನ್ ಡೆಡ್ ಆದಂಗ" ಎಂದಳು ಚಂಪಕ್ಕ.

"ಬರೋಬ್ಬರಿ ಹೇಳಿದ್ರಿ. ನಾವು ಬ್ಯಾರೆ ಲೈನ್ ಹಾಕಿ ಕೊಡ್ತೀವಿ."

ಆ ಬೇರೆ ಲೈನು ಎರಡು ವಸ್ತುಗಳದಾಗಿತ್ತು. ತೋಳಿಗೆ ಅಂಟಿಸುವ ಒಂದು ಬಿಲ್ಲೆ: ಎರಡು ನಿಮಿಷಕ್ಕೊಮ್ಮೆ ರಕ್ತದ ಸಕ್ಕರೆ ಅಳೆದು, ಬೇಕಾದಷ್ಟು ಇನ್ಸುಲಿನ್ನನ್ನು ತಾನೇ ಒಳಗೆ ಬಿಡುತ್ತಿತ್ತು. ಎರಡನೆಯದು ಕಿವಿಯ ಹಿಂದಿನ ಎಲುಬಿಗೆ ಅಂಟಿಕೊಳ್ಳುವ, ಅವರೆಕಾಳಿನಷ್ಟು ಗಾತ್ರದ ಮಣಿ. ಕೇಂದ್ರದ ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು; ಜನ ಕಿವಿಮಣಿ ಎಂದರು. ತೊಟ್ಟವರ ಮಾತನ್ನೆಲ್ಲ ಅದು ಕೇಳಿಸಿಕೊಂಡು ಕಲಿಯುತ್ತಿತ್ತು. ಮಾತಿನ ನಡುವೆ ಅವರು ತಡವರಿಸಿದರೆ, ಬೇಕಾದ ಪದವನ್ನು ಎಲುಬಿನ ಮೂಲಕ ಮೆಲ್ಲಗೆ ಉಸುರುತ್ತಿತ್ತು. ಅವರದೇ ಧ್ವನಿಯಲ್ಲಿ. ಹೊರಗಿನವರಿಗೆ ಏನೂ ಕೇಳಿಸುತ್ತಿರಲಿಲ್ಲ. ತೊಟ್ಟವರಿಗೆ ತಮಗೇ ಹೊಳೆದಂತೆ ಅನ್ನಿಸುತ್ತಿತ್ತು.

*

ಮೂರು ತಿಂಗಳಲ್ಲಿ ಚಂಪಕ್ಕ ಮೊದಲಿನಂತಾದಳು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾದಳು. ಮೇಲಿನ ಮನೆಯ ಗಿರಿಜಮ್ಮ ಮಧ್ಯಾಹ್ನ ಚಹಾಕ್ಕೆ ಬಂದರೆ ಎರಡು ತಾಸು ಏಳುತ್ತಿರಲಿಲ್ಲ; ಎಕ್ಸ್‌ಚೇಂಜಿನ ಕಥೆಗಳು ಒಂದರ ಹಿಂದೊಂದು ಬರುತ್ತಿದ್ದವು. ಕೇಂದ್ರದವರು ತಿಂಗಳಿಗೊಮ್ಮೆ ಮಾಡುವ ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು ಅಂಕ. ಸಕ್ಕರೆಯಂತೂ ನೂರಹತ್ತರಿಂದ ನೂರನಲವತ್ತರ ನಡುವೆ ಗೆರೆ ಎಳೆದಂತೆ ನಿಂತಿತ್ತು. ಹಿಂದೆ ಕಸ್ತೂರಿ ಅನ್ನದ ಪ್ರಮಾಣದ ಬಗ್ಗೆ ಬಾಯಿಬಿಟ್ಟರೆ ಸಿಡಿದೇಳುತ್ತಿದ್ದ ಚಂಪಕ್ಕ ಈಗ ನಗುತ್ತಿದ್ದಳು. "ಇರಲಿ ಬಿಡವ್ವ, ನೀ ಹೇಳಿದ್ದs ಖರೆ" ಎನ್ನುತ್ತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು.

ಕಸ್ತೂರಿಯ ಕೆಲಸ ಕೇಂದ್ರದ ಎರಡನೆಯ ಮಹಡಿಯ ನಿಗಾ ಕೋಣೆಯಲ್ಲಿ. ನಾನೂರ ಹನ್ನೆರಡು ಮಂದಿ ಕಿವಿಮಣಿ ತೊಟ್ಟಿದ್ದರು. ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆಯ ಮುದುಕ ಮುದುಕಿಯರು. ಗೋಡೆಯ ಪರದೆಗಳ ಮೇಲೆ ಅವರ ಸಕ್ಕರೆಯ ಗೆರೆಗಳು ಹರಿಯುತ್ತಿದ್ದವು. ಒಂದು ಗೆರೆ ಕುಸಿದರೆ ಅಥವಾ ಜಿಗಿದರೆ ಮನೆಗೆ ಫೋನು ಮಾಡಬೇಕು. ಆದರೆ ಒಂದು ವರ್ಷದಿಂದ ಫೋನು ಮಾಡುವ ಪ್ರಸಂಗವೇ ಬಂದಿರಲಿಲ್ಲ. ನಾನೂರ ಹನ್ನೆರಡು ಗೆರೆಗಳೂ ಗಾಳಿಯಿಲ್ಲದ ದಿನದ ಕೆರೆಯ ನೀರಿನಂತೆ ಅಲುಗದೆ ಮಲಗಿದ್ದವು. ಡಾಕ್ಟರು ಹೊರಗಿನಿಂದ ಬಂದವರಿಗೆಲ್ಲ ಆ ಪರದೆ ತೋರಿಸಿ ಹೆಮ್ಮೆಪಡುತ್ತಿದ್ದರು. ಕಸ್ತೂರಿಗೆ ಮಾತ್ರ ಅದನ್ನು ಬಹಳ ಹೊತ್ತು ನೋಡುತ್ತ ಕೂತರೆ ಯಾಕೋ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ವರ್ಷದ ನರ್ಸಿಂಗಿನಲ್ಲಿ ಅವಳು ಇಷ್ಟು ನೆಟ್ಟಗಿನ ಗೆರೆಯನ್ನು ಜೀವಂತ ಮನುಷ್ಯರಲ್ಲಿ ಕಂಡಿರಲಿಲ್ಲ.

ಆ ಸೋಮವಾರ ಫೋನು ಬಂತು. ಹಳೇ ಹುಬ್ಬಳ್ಳಿಯಿಂದ ಫಕ್ಕೀರಪ್ಪ ಎಂಬ ನಿವೃತ್ತ ದರ್ಜಿಯ ಸೊಸೆ.

"ಸಿಸ್ಟರ್, ಮಣಿ ಅಂಟಿಸ್ರಿ ಅಂತ ಮೆಸೇಜ್ ಬರಾಕತ್ತಾವ, ಆದ್ರ ಮಾವನ ಮಣಿ ಸ್ನಾನದಾಗ ಬಿದ್ದು ಮೋರಿಗೆ ಹೋತ್ರಿ. ಆವಾಗಿಂದ ಏನ್ ಕೇಳಿದ್ರೂ ಹಾಂ ಅಂತಾರ, ಅಷ್ಟs. ತಮ್ಮ ಹೆಸರು ಹೇಳವಲ್ರು. ನನ್ನ ಯಾರಂತ ಕೇಳಿದ್ರ ಬಾಗಲ ಕಡೆ ನೋಡ್ತಾರ. ನಿನ್ನಿ ಸಂಜಿತನಕ ಮೊಮ್ಮಗಳಿಗೆ ಕಥಿ ಹೇಳಾಕತ್ತಿದ್ರು. ಒಂದs ದಿನದಾಗ ಹಿಂಗ ಆಗ್ತೈತೇನ್ರಿ?"

ಒಂದೇ ದಿನದಲ್ಲಿ ಹೀಗಾಗುವುದಿಲ್ಲವೆಂದು ಕಸ್ತೂರಿಗೆ ಗೊತ್ತಿತ್ತು. ಹೊಸ ಮಣಿ ಕಳಿಸುವ ವ್ಯವಸ್ಥೆ ಮಾಡಿ, ಫಕ್ಕೀರಪ್ಪನ ದಾಖಲೆ ತೆರೆದಳು. ನಾಲ್ಕು ದಿನದ ಹಿಂದಿನ ಪರೀಕ್ಷೆಯಲ್ಲಿ ಇಪ್ಪತ್ತೆಂಟು ಅಂಕ. ಅದರ ಕೆಳಗೆ ಯಾರೂ ನೋಡದ ಒಂದು ಸಾಲಿತ್ತು. ಹೇಳಿದ ಮಾತಿನಲ್ಲಿ ಮಣಿಯ ಪಾಲು ಎಷ್ಟು ಎಂಬ ಸಾಲು. ಮೊದಲ ತಿಂಗಳು ನೂರಕ್ಕೆ ಆರು. ಒಂದು ವರ್ಷಕ್ಕೆ ನಲವತ್ತು. ಈಗ ತೊಂಬತ್ತೇಳು.

ಪರೀಕ್ಷೆ ಬರೆಯುತ್ತಿದ್ದದ್ದು ಮಣಿ. ಮುದುಕ ಅದರ ಹಿಂದೆ ಬಾಯಾಡಿಸುತ್ತಿದ್ದ.

ಸಂಬಂಧಿಕರ ದಾಖಲೆ ತೆರೆಯಬಾರದೆಂಬ ನಿಯಮವಿತ್ತು. ಕಸ್ತೂರಿ ಅಕ್ಕನ ಸಂಖ್ಯೆ ಒತ್ತಿದಳು. ತೊಂಬತ್ತೊಂದು.

ಇನ್ನೊಂದು ನಿಯಮವನ್ನೂ ಮುರಿದಳು. ತುರ್ತು ಸಂದರ್ಭಕ್ಕೆಂದು ಇಟ್ಟಿದ್ದ ಇಯರ್‌ಫೋನು ಕಿವಿಗಿಟ್ಟು, ಅಕ್ಕನ ಮಣಿಯ ಮೂಲಕ ಮನೆಯನ್ನು ಕೇಳಿದಳು. ಮಧ್ಯಾಹ್ನದ ಮೂರು ಗಂಟೆ. ಗಿರಿಜಮ್ಮ ಬಂದಿದ್ದರು, ಬಟ್ಟಲು ಕೆಳಗಿಟ್ಟ ಸದ್ದು ಕೇಳಿತು.

"ನಿಮ್ಮ ಅವ್ವಾರು ಹೋಗಿ ಬಾಳ ವರ್ಷಾತಲ್ರಿ?" ಗಿರಿಜಮ್ಮನ ಧ್ವನಿ.

ಆಗ ಚಂಪಕ್ಕನ ಧ್ವನಿ ಬಂತು. ಹತ್ತಿರದಿಂದ, ಕೋಣೆಯ ಯಾವ ಸದ್ದೂ ಸೋಕದೆ, ಕಸ್ತೂರಿಯ ತಲೆಯೊಳಗೇ ಯಾರೋ ಕೂತಂತೆ: "ನಾ ಅವ್ವನ ಬಾಜುಕನs ಇದ್ದೆ."

ಅದರ ಹಿಂದೆಯೇ ದೂರದಿಂದ, ಬಟ್ಟಲು ಫ್ಯಾನುಗಳ ಸದ್ದಿನ ನಡುವೆ, ಅದೇ ಧ್ವನಿ: "ನಾ ಅವ್ವನ ಬಾಜುಕನs ಇದ್ದೆ."

"ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ಲು" ಎಂದಿತು ಹತ್ತಿರದ ಧ್ವನಿ.

"ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ಲು" ಎಂದಿತು ದೂರದ ಧ್ವನಿ.

"ನಗಕೋತs ಹೋದ್ಲು."

"ನಗಕೋತs ಹೋದ್ಲು."

ಗಿರಿಜಮ್ಮ ಲೊಚಗುಟ್ಟಿದರು. ಕಸ್ತೂರಿ ಇಯರ್‌ಫೋನು ಕಿತ್ತು ಮೇಜಿನ ಮೇಲಿಟ್ಟಳು.

ಅವ್ವ ತೀರಿಕೊಂಡಾಗ ಚಂಪಕ್ಕ ಅಲ್ಲಿರಲಿಲ್ಲ. ಹದಿನೇಳು ವರ್ಷದ ಕಸ್ತೂರಿ ಒಬ್ಬಳೇ ಆಸ್ಪತ್ರೆಯಲ್ಲಿದ್ದಳು. ಹೊರಗಿನ ಅಂಗಡಿಯಿಂದ ಎಕ್ಸ್‌ಚೇಂಜಿಗೆ ಫೋನು ಮಾಡಿದಾಗ ಎತ್ತಿದ್ದು ಚಂಪಕ್ಕನೇ. "ಅಕ್ಕ, ಜಲ್ದಿ ಬಾ" ಎಂದಿದ್ದಳು. "ಬೋರ್ಡ್ ಮ್ಯಾಲೆ ಯಾರೂ ಇಲ್ಲ, ಒಂದ್ ತಾಸಿನ್ಯಾಗ ಬರ್ತೀನಿ" ಎಂದಿದ್ದಳು ಚಂಪಕ್ಕ. ಆ ಒಂದು ತಾಸು ಬೇರೆಯವರ ಮಾತುಗಳನ್ನು ಬೇರೆಯವರಿಗೆ ಜೋಡಿಸುತ್ತ ಕೂತಿದ್ದಳು. ಬಂದಾಗ ಅವ್ವನ ಮುಖಕ್ಕೆ ಬಟ್ಟೆ ಹೊದಿಸಿತ್ತು. ಆ ದಿನ ಕಳೆದ ಮೇಲೆ ಅದರ ಬಗ್ಗೆ ಅಕ್ಕ ತಂಗಿ ಈವರೆಗೆ ಒಂದು ಮಾತನ್ನೂ ಆಡಿರಲಿಲ್ಲ.

*

ಸಂಜೆಯವರೆಗೂ ಕಸ್ತೂರಿ ಒಂದಾದ ಮೇಲೊಂದು ಸಂಖ್ಯೆ ಒತ್ತಿ ಕೇಳಿದಳು. ಶಿರೂರು ಪಾರ್ಕಿನ ಹೆಡ್‌ಮಾಸ್ತರರು. ನವಲಗುಂದದ ಮುದುಕಿ. ಅಣ್ಣಿಗೇರಿಯ ಇಬ್ಬರು ವಾರಗಿತ್ತಿಯರು. ಎಲ್ಲರೂ ಸಿಹಿಯಾಗಿ ಮಾತಾಡುತ್ತಿದ್ದರು. ಯಾರೂ ಮಗನನ್ನು ಬೈಯುತ್ತಿರಲಿಲ್ಲ, ಸತ್ತವರಿಗಾಗಿ ಅಳುತ್ತಿರಲಿಲ್ಲ, ಹೊಲದ ಬದುವಿನ ಹಳೇ ಜಗಳ ತೆಗೆಯುತ್ತಿರಲಿಲ್ಲ. ಆ ಮಾತು ಬರುವ ಹೊತ್ತಿಗೆ ಸರಿಯಾಗಿ, ಗಂಡು ಧ್ವನಿಯಲ್ಲಿ, ಹೆಣ್ಣು ಧ್ವನಿಯಲ್ಲಿ, ಹಲ್ಲಿಲ್ಲದ ಬಾಯಿಯಲ್ಲಿ, ಒಂದೇ ವಾಕ್ಯ ಬರುತ್ತಿತ್ತು. "ಇರಲಿ ಬಿಡ್ರಿ, ಎಲ್ಲಾ ಛಲೋನs ಆತು." ಆರನೆಯ ಮನೆಯಲ್ಲಿ ಅದು ಬಂದಾಗ ಕಸ್ತೂರಿ ಬೆಚ್ಚಿದಳು. ಹನ್ನೊಂದನೆಯ ಮನೆಯಲ್ಲಿ ಬರುವ ಮೊದಲೇ ಅವಳ ತುಟಿ ತಾನಾಗಿ ಆ ವಾಕ್ಯವನ್ನು ಆಡಿತು. ಎದ್ದು ಕಿಟಕಿ ತೆರೆದು ರಸ್ತೆಯ ಗದ್ದಲವನ್ನು ಕೇಳಿಸಿಕೊಂಡು ನಿಂತಳು.

ಮರುದಿನ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋದಳು.

"ಡಾಕ್ಟ್ರೇ, ಮಣಿಗೆ ಸುಳ್ಳು ಹೇಳಾಕ ಯಾರು ಕಲಿಸಿದ್ರು?"

ಡಾಕ್ಟರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಯಾರೂ ಕಲಿಸಿಲ್ಲ ಸಿಸ್ಟರ್. ಬಿಲ್ಲೆ, ಮಣಿ ಎರಡನ್ನೂ ನಡಸೋದು ಒಂದs ಯಂತ್ರ; ನಾವು ಅದಕ್ಕ ಒಂದs ಗುರಿ ಕೊಟ್ಟಿದ್ವಿ. ಸಕ್ಕರಿ ಏರಬಾರದು, ಇಳೀಬಾರದು. ನಿಮಗ ಗೊತ್ತಲ್ಲ, ಸಿಟ್ಟು ಬಂದ್ರ, ದುಃಖ ಆದ್ರ, ಹೆದರಿಕಿ ಆದ್ರ ಸಕ್ಕರಿ ಏರ್ತೈತಿ. ಇನ್ಸುಲಿನ್ ಕೊಟ್ಟು ಇಳಸೋದಕ್ಕಿಂತ ಏರಿಸೋ ಮಾತs ಬರದಂಗ ಮಾಡೋದು ಸರಳ ಅಂತ ಅದs ಕಂಡುಕೊಂಡೈತಿ."

"ನೋವಾಗೋ ನೆನಪು ಬಂದ್ರ?"

"ಆ ಜಾಗಾದಾಗ ನೋವಿಲ್ಲದ್ದು ಇಡ್ತೈತಿ."

"ನಿಮಗ ಮದಲs ಗೊತ್ತಿತ್ತು."

"ಒಂದು ವರ್ಷದಿಂದ ಗೊತ್ತೈತಿ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮದಲನೇ ಮಣಿ ತೊಟ್ಟವರು ನಮ್ಮ ಅಬ್ಬಾ. ಹತ್ತಿ ಹಿಂಜಿ ಗಾದಿ ಹೊಲಿಯೋರು. ನಾ ಡಾಕ್ಟರ್ ಓದಾಕ ಹೋದಾಗ ಅಂಗಡಿ ಮುಚ್ಚಿಸಿದಿ ಅಂತ ಮೂವತ್ತು ವರ್ಷ ನನ್ನ ಜೋಡಿ ಸರಿಯಾಗಿ ಮಾತಾಡ್ಲಿಲ್ಲ. ಈಗ ದಿನಾ ಮುಂಜಾನೆ ನನ್ನ ಕೈ ಹಿಡದು, ಬೇಟಾ, ನಿನ್ನ ನೋಡಿದ್ರ ಹೆಮ್ಮೆ ಅನಸ್ತೈತಿ ಅಂತಾರ. ಅದು ಯಾರ ಮಾತು ಅಂತ ನಾ ಕೇಳಂಗಿಲ್ಲ. ನೀವೂ ಕೇಳಬ್ಯಾಡ್ರಿ."

ಕಸ್ತೂರಿ ಎದ್ದು ನಿಂತಳು. ಡಾಕ್ಟರು ಒಂದು ಕಾಗದ ಅವಳ ಮುಂದೆ ಸರಿಸಿದರು. ಮುಂದಿನ ಹಂತದ ಒಪ್ಪಿಗೆ ಪತ್ರ. ಗಂಟಲಿಗೆ ತೆಳ್ಳನೆಯ ಒಂದು ಪಟ್ಟಿ ಅಂಟಿಸುತ್ತಾರೆ. ಆಮೇಲೆ ಮಣಿ ಉಸುರುವುದು, ತೊಟ್ಟವರು ಕೇಳಿ ಹೇಳುವುದು ಎಂಬ ತಾಪತ್ರಯವಿಲ್ಲ. ಮಣಿಯೇ ಗಂಟಲಿನ ಸ್ನಾಯುಗಳನ್ನು ಆಡಿಸುತ್ತದೆ.

"ನಿಮ್ಮ ಅಕ್ಕ ಹೂಂ ಅಂದಾರ. ಮೂರು ಸಲ ಕೇಳೀವಿ, ಮೂರೂ ಸಲ ಸ್ಪಷ್ಟ ಹೇಳ್ಯಾರ. ಸಾಕ್ಷಿ ಸಹಿ ನಿಮ್ಮದು ಬೇಕು. ಶುಕ್ರವಾರದೊಳಗ."

"ಹೂಂ ಅಂದವ್ರು ಯಾರು ಡಾಕ್ಟ್ರೇ?"

"ತೆಗದು ನೋಡ್ತೀರೇನು?" ಡಾಕ್ಟರ ಧ್ವನಿ ಮೆತ್ತಗಾಯಿತು. "ತೆಗದ್ರ ಒಳಗ ಏನೂ ಉಳಿದಿರಂಗಿಲ್ಲ. ಅದನ್ನ ನೋಡಿ ಬದುಕೋದು ನಿಮಗs ಕಷ್ಟ."

*

ಗುರುವಾರ ಕಸ್ತೂರಿ ರಜೆ ಹಾಕಿದಳು. ಬೆಳಗಿನ ತಿಂಡಿ ಮುಗಿಸಿ ಅಕ್ಕನನ್ನು ಬಾಲ್ಕನಿಯ ಬಿಸಿಲಿಗೆ ಕರೆತಂದು ಕೂರಿಸಿದಳು. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಮಣಿಯನ್ನು ತಿಂಗಳಿಗೊಮ್ಮೆ ಬದಲಿಸಬೇಕಿತ್ತು. ಆದರೆ ಹಳೆಯದನ್ನು ತೆಗೆದ ಕೈಯಲ್ಲೇ ಹೊಸದನ್ನು ಅಂಟಿಸಬೇಕೆಂದು ಕೇಂದ್ರದವರು ಮೊದಲ ದಿನವೇ ತಾಕೀತು ಮಾಡಿದ್ದರು. ಮೂರು ವರ್ಷದಲ್ಲಿ ಒಂದು ನಿಮಿಷವೂ ಆ ಕಿವಿ ಬರಿದಾಗಿರಲಿಲ್ಲ.

"ಅಕ್ಕ, ಸ್ವಲ್ಪ ಹೊತ್ತು ಇದನ್ನ ತೆಗೀಲೇನು?"

"ಯಾಕವ್ವ, ಛಲೋ ಐತಲ್ಲ. ಇರಲಿ ಬಿಡು." ಉತ್ತರ ತಡವಿಲ್ಲದೆ ಬಂತು. ತುಟಿ ನಗುತ್ತಿತ್ತು.

ಆದರೆ ಚಂಪಕ್ಕನ ಎರಡೂ ಕೈಗಳು ಕಸ್ತೂರಿಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಕಣ್ಣು ತಂಗಿಯ ಮುಖ ಬಿಟ್ಟು ಅಲುಗಲಿಲ್ಲ. ಬಾವಿಗೆ ಬಿದ್ದವರು ಮೇಲಿನ ಬೆಳಕನ್ನು ನೋಡುವ ಹಾಗೆ ನೋಡುತ್ತಿದ್ದಳು. ಆ ಕಣ್ಣಿನ ಕೆಳಗೆ ಬಾಯಿ ಮಾತ್ರ ತನ್ನಷ್ಟಕ್ಕೆ ಹೇಳುತ್ತಲೇ ಇತ್ತು. "ಇವತ್ತು ಬಿಸಲು ಎಷ್ಟು ಛಂದ ಬಿದ್ದೈತಿ ನೋಡು. ಗಿರಿಜವ್ವನ್ನ ಕರಿ, ಚಾ ಕುಡಿಯೂಣು."

ಕಸ್ತೂರಿ ಉಗುರಿನಿಂದ ಮಣಿಯನ್ನು ಎಬ್ಬಿಸಿ ತೆಗೆದಳು. ಅದು ಮೈಯ ಬಿಸಿಯಲ್ಲಿ ಬೆಚ್ಚಗಿತ್ತು.

"ಚಾ ಕುಡ..." ಎಂದ ಚಂಪಕ್ಕನ ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಉಳಿಯಿತು.

ಚಂಪಕ್ಕ ಕಿವಿ ತಡವಿಕೊಂಡಳು. ಅಕ್ಕಪಕ್ಕ ಹುಡುಕಿದಳು. ಬಾಲ್ಕನಿಯ ಸರಳುಗಳನ್ನು, ಒಣಗಿದ ಬಟ್ಟೆಗಳನ್ನು, ತಂಗಿಯನ್ನು, ಎಲ್ಲವನ್ನೂ ಮೊದಲ ಸಲ ಕಂಡವಳಂತೆ ನೋಡಿದಳು. ಗಂಟಲಿನಿಂದ ಸಣ್ಣ ಮಗುವಿನ ನರಳಿಕೆಯಂಥ ಒಂದು ಸದ್ದು ಬಂತು. ಡಾಕ್ಟರು ಹೇಳಿದ್ದು ನಿಜವೆಂದು ಕಸ್ತೂರಿಗೆ ಅನ್ನಿಸಿತು. ಮಣಿ ಅಂಗೈಯಲ್ಲೇ ಇತ್ತು. ಅಂಟಿಸಲು ಎರಡು ಕ್ಷಣ ಸಾಕು. ಅವಳು ಅಂಟಿಸಲಿಲ್ಲ, ಅಕ್ಕನ ಕೈ ಹಿಡಿದು ಕೂತಳು.

ಮೊಬೈಲಿನಲ್ಲಿ ಸಕ್ಕರೆಯ ಅಂಕಿ ನೂರಹದಿನೆಂಟರಿಂದ ಮೇಲೇಳತೊಡಗಿತ್ತು. ನೂರನಲವತ್ತೆಂಟು. ನೂರೆಪ್ಪತ್ತು. ಮಣಿ ಜಾಗದಲ್ಲಿಲ್ಲ, ಕೂಡಲೇ ಅಂಟಿಸಿ ಎಂದು ಕೇಂದ್ರದಿಂದ ಸಂದೇಶದ ಮೇಲೆ ಸಂದೇಶ ಬರುತ್ತಿತ್ತು. ಕಸ್ತೂರಿ ಸದ್ದು ಅಡಗಿಸಿದಳು.

ಅರ್ಧ ತಾಸಿನ ಮೇಲೆ ಚಂಪಕ್ಕನ ತುಟಿ ಅಲುಗಿತು.

"ಫೋನ್."

"ಯಾವ ಫೋನ್ ಅಕ್ಕ?"

ಕೆಳಗೆ ಗಾಡಿಯವನು ಮುಂದಿನ ಓಣಿಗೆ ಹೋದ.

"ಬಂತು. ಫೋನ್... ನಿಂದು. ನೀ ಕರದಿ." ಒಂದೊಂದು ಪದವೂ ಎಲ್ಲೋ ಕೆಳಗಿನಿಂದ ಹಗ್ಗ ಹಾಕಿ ಎತ್ತಿದಂತೆ ಬರುತ್ತಿತ್ತು. "ನಾ... ಬರಲಿಲ್ಲ."

ಇನ್ನೂರ ಐದು. ಇನ್ನೂರ ಮೂವತ್ತು. ಬಿಲ್ಲೆ ಚಿಟ್ಟೆಂದು ಇನ್ಸುಲಿನ್ ಬಿಟ್ಟಿತು.

"ಆಮ್ಯಾಲೆ ಬಂದಿ ಅಕ್ಕ."

"ಆಮ್ಯಾಲೆ" ಎಂದಳು ಚಂಪಕ್ಕ. "ಅವ್ವ... ಕೇಳಿದ್ಲೇನು? ನನ್ನ?"

ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಚಂಪಕ್ಕ ಬಾಯಿಬಿಟ್ಟು ಕೇಳದೆಯೇ ಕಸ್ತೂರಿ ಉತ್ತರ ಕೊಟ್ಟುಬಿಟ್ಟಿದ್ದಳು. ನಿದ್ದೆಯಲ್ಲೇ ಹೋದಳು, ಏನೂ ಗೊತ್ತಾಗಲಿಲ್ಲ ಎಂದಿದ್ದಳು. ಈಗಲೂ ಅದೇ ಮಾತು ಬಾಯಿಗೆ ಬಂತು. ಅಂಗೈಯ ಮಣಿಯೂ ಇಷ್ಟು ದಿನ ಇಂಥದನ್ನೇ ಹೇಳುತ್ತಿತ್ತು ಎಂದು ಹೊಳೆದಾಗ ಕಸ್ತೂರಿಯ ನಾಲಿಗೆ ನಿಂತಿತು.

"ಕೇಳಿದ್ಲು ಅಕ್ಕ. ಎರಡು ಸಲ ಕೇಳಿದ್ಲು. ಚಂಪಾ ಬಂದ್ಲೇನು ಅಂದ್ಲು."

ಚಂಪಕ್ಕ ಅತ್ತಳು. ಮೂರು ವರ್ಷದಲ್ಲಿ ಒಮ್ಮೆಯೂ ಅಳದಿದ್ದವಳು ಬಾಯಿಗೆ ಸೆರಗು ಹಿಡಿದುಕೊಳ್ಳುವುದನ್ನೂ ಮರೆತು, ಮೂಗು ಸೋರಿಸಿಕೊಂಡು, ದೊಡ್ಡ ದನಿ ತೆಗೆದು ಅತ್ತಳು. ಕಸ್ತೂರಿಯೂ ಅತ್ತಳು. ಮೇಲಿನ ಮನೆಯ ಗಿರಿಜಮ್ಮ ಏನಾಯಿತೆಂದು ಇಣುಕಿ ನೋಡಿ, ಏನೂ ಕೇಳದೆ ಒಳಗೆ ಹೋದರು. ಮೊಬೈಲಿನ ಅಂಕಿ ಇನ್ನೂರ ಅರವತ್ತೆಂಟಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಇಳಿಯತೊಡಗಿತು.

ಬಿಸಿಲು ಬಾಲ್ಕನಿಯಿಂದ ಸರಿಯುವಾಗ ಕಸ್ತೂರಿ ಅಂಗೈ ಬಿಚ್ಚಿ ತೋರಿಸಿದಳು. "ಇದನ್ನ ಮತ್ತ ಹಾಕ್ಲೇನಕ್ಕ? ಹಾಕಿದ್ರ ಮಾತು ಬರ್ತಾವ. ಅಳು ಬರಂಗಿಲ್ಲ."

ಚಂಪಕ್ಕ ಮಣಿಯನ್ನು ನೋಡಿದಳು. ಬೆರಳಿನಿಂದ ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅದು... ಛಲೋ ಮಾತಾಡ್ತೈತಿ" ಎಂದಳು. ಕಸ್ತೂರಿ ಪದ ಕೊಡಲು ಹೋಗಲಿಲ್ಲ. ನಾಲ್ಕು ನಿಮಿಷವೋ ಐದು ನಿಮಿಷವೋ ಕಳೆದ ಮೇಲೆ ಚಂಪಕ್ಕ ತಲೆಯಾಡಿಸಿದಳು.

"ಬ್ಯಾಡ."

*

ಶುಕ್ರವಾರ ಕಸ್ತೂರಿ ಸಹಿಯಿಲ್ಲದ ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಜೊತೆಗೆ ಮಣಿಯನ್ನೂ, ತನ್ನ ರಾಜೀನಾಮೆಯನ್ನೂ ಇಟ್ಟಳು. ಡಾಕ್ಟರು ಸಿಟ್ಟಾಗಲಿಲ್ಲ. "ಉಳಿದಿತ್ತೇನು ಒಳಗ?" ಎಂದಷ್ಟೇ ಕೇಳಿದರು.

"ಇತ್ತು ಡಾಕ್ಟ್ರೇ. ಸ್ವಲ್ಪ ಇತ್ತು."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆ ತಿಂಗಳೆಲ್ಲ ಅವಳು ನೆನಪಿದ್ದ ಮನೆಗಳಿಗೆ ಹೋಗಿ ಕಂಡದ್ದನ್ನು, ಕೇಳಿದ್ದನ್ನು ಹೇಳಿದಳು. ಮೂವತ್ತೇಳು ಮನೆಯವರು ಮಣಿ ತೆಗೆದರು. ಅವರಲ್ಲಿ ಇಪ್ಪತ್ತು ಮನೆಯವರು ವಾರದೊಳಗೆ ಮತ್ತೆ ಅಂಟಿಸಿದರು. ಬೈದವರೂ ಇದ್ದರು. ಫಕ್ಕೀರಪ್ಪನ ಸೊಸೆ ಬೈಯಲಿಲ್ಲ. ಬಾಗಿಲಲ್ಲೇ ನಿಂತು, "ನಮ್ಮ ಮಾವ ಮದ್ವಿ ಆದಾಗಿಂದ ನನಗ ಒಂದು ಛಲೋ ಮಾತು ಆಡಿರಲಿಲ್ರಿ ಸಿಸ್ಟರ್. ಅದು ಅವರಲ್ಲ ಅಂತೀರಿ. ಅಲ್ಲಂದ್ರ ಅಲ್ಲ. ನನಗ ಅಷ್ಟs ಸಾಕು" ಎಂದಳು. ಒಳಗಿನಿಂದ ಮುದುಕ ಸ್ಪಷ್ಟವಾದ ದನಿಯಲ್ಲಿ, "ಯಾರವ್ವ ಬಂದಾರ? ಒಳಗ ಕರಿ, ಚಾ ಕುಡದು ಹೋಗಲಿ" ಎಂದು ಕೂಗಿದ.

ಚಂಪಕ್ಕನ ತೋಳಿನ ಬಿಲ್ಲೆಯೂ ಕೇಂದ್ರಕ್ಕೆ ಮರಳಿ ಹೋಯಿತು; ಕಸ್ತೂರಿ ಮತ್ತೆ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಸೂಜಿ ಕೊಡತೊಡಗಿದಳು. ಸಕ್ಕರೆ ಏರುತ್ತಿತ್ತು, ಇಳಿಯುತ್ತಿತ್ತು. ಕೆಲವು ದಿನ ಚಂಪಕ್ಕನಿಗೆ ತಂಗಿಯ ಗುರುತು ಸಿಗುತ್ತಿರಲಿಲ್ಲ. ಕೆಲವು ದಿನ ಸಿಟ್ಟಿಗೆದ್ದು ತಟ್ಟೆ ತಳ್ಳುತ್ತಿದ್ದಳು. ಕೆಲವೊಮ್ಮೆ ಕಸ್ತೂರಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ತಪ್ಪು ಮಾಡಿದೆನೇನೋ ಎಂದು ನಲ್ಲಿ ಬಿಟ್ಟು ನಿಲ್ಲುತ್ತಿದ್ದಳು. ಗಿರಿಜಮ್ಮ ಬರುವುದು ಕಡಿಮೆಯಾಯಿತು. ಬಂದಾಗ ಮೊದಲಿನ ಹಾಗೆ ಹರಟೆ ಸಾಗುತ್ತಿರಲಿಲ್ಲ. ಸುಮ್ಮನೆ ಕೂತು ಚಂಪಕ್ಕನ ತಲೆ ಬಾಚಿ ಹೋಗುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಕಸ್ತೂರಿ ಅಕ್ಕನನ್ನು ಆಟೋದಲ್ಲಿ ಉಣಕಲ್ ಕೆರೆಗೆ ಕರೆತಂದಳು. ದಂಡೆಯ ಉದ್ಯಾನದಲ್ಲಿ ವಾಕಿಂಗಿಗೆ ಬಂದವರು ತುಂಬಿದ್ದರು. ನೆರಳಿನ ಬೆಂಚೊಂದರ ಮೇಲೆ ಬಿಳಿಗಡ್ಡದ, ಟೋಪಿ ಹಾಕಿದ ಮುದುಕರೊಬ್ಬರು ಕೂತಿದ್ದರು. ಪಕ್ಕದಲ್ಲಿ ಅವರದೇ ವಯಸ್ಸಿನ ಒಬ್ಬ ಹೆಂಗಸು. ಇಬ್ಬರ ಗಂಟಲಿಗೂ ತೆಳ್ಳನೆಯ ಪಟ್ಟಿ ಅಂಟಿತ್ತು. ಸ್ವಲ್ಪ ದೂರದಲ್ಲಿ ಡಾಕ್ಟರ್ ನದಾಫ ಕೈಕಟ್ಟಿಕೊಂಡು ನಿಂತಿದ್ದರು. ಕಸ್ತೂರಿಯನ್ನು ಕಂಡರೂ ಹತ್ತಿರ ಬರಲಿಲ್ಲ, ತಲೆಬಾಗಿಸಿದರು.

ಬೆಂಚಿನ ಮೇಲಿನ ಇಬ್ಬರೂ ಮಾತಾಡುತ್ತಿದ್ದರು. ಒಬ್ಬರು ಮುಗಿಸುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬರು ಶುರುಮಾಡುತ್ತಿದ್ದರು. ಒಂದು ತಡವರಿಕೆ ಇಲ್ಲ, ಒಂದು ಕೆಮ್ಮಿಲ್ಲ. ಮಳೆ ಚೆನ್ನಾಗಾಯಿತು, ಮಕ್ಕಳು ಒಳ್ಳೆಯವರು, ಆರೋಗ್ಯ ಚೆನ್ನಾಗಿದೆ. ಮುಗಿದ ಮಾತು ಮತ್ತೆ ಮೊದಲಿನಿಂದ ಬರುತ್ತಿತ್ತು. ಮಾತಾಡುವಾಗ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಹೆಂಗಸಿನ ಕಣ್ಣು ಕೆರೆಯ ನೀರಿನ ಮೇಲಿತ್ತು. ಮುದುಕರ ಕಣ್ಣು ತಮ್ಮ ಮಡಿಲಲ್ಲಿ ಮಲಗಿದ್ದ ಎರಡು ಕೈಗಳ ಮೇಲಿತ್ತು. ಅವುಗಳಲ್ಲಿ ಒಂದರ ಬೆರಳುಗಳು ಮಾತ್ರ ನಿಧಾನವಾಗಿ, ಕಾಣದ ಹತ್ತಿಯನ್ನು ಬಿಡಿಸುವಂತೆ ಆಡುತ್ತಿದ್ದವು.

ಚಂಪಕ್ಕ ನಿಂತುಬಿಟ್ಟಳು. ಬಹಳ ಹೊತ್ತು ಅವರನ್ನು ನೋಡಿದಳು. ಅವಳ ಹಣೆ ಗಂಟಿಕ್ಕಿತು, ತುಟಿ ಎರಡು ಸಲ ತೆರೆದು ಮುಚ್ಚಿತು. ಕಸ್ತೂರಿ ಅಕ್ಕನ ತೋಳು ಹಿಡಿದು, ಅವಸರ ಮಾಡದೆ ಕಾದಳು.

"ಕಸ್ತೂರಿ" ಎಂದಳು ಚಂಪಕ್ಕ ಕೊನೆಗೆ, ಮೆಲುದನಿಯಲ್ಲಿ. "ಅವರು... ಯಾರ ಜೋಡಿ ಮಾತಾಡಾಕತ್ತಾರ?"